ದೊಡ್ಡಮ್ಮನ ಕಿಟಕಿಯ ಫೋನು

ಆ ಬೀದಿಯನ್ನು ಆ ವರ್ಷ ಮೂರನೆಯ ಸಲ ಅಗೆಯುತ್ತಿದ್ದರು. ಮೊದಲು ನೀರಿನವರು ಬಂದು ಅಗೆದು ಮುಚ್ಚಿದರು. ಆಮೇಲೆ ಚರಂಡಿಯವರು ಬಂದು ಅಗೆದು ಅರ್ಧ ಮುಚ್ಚಿದರು. ಈಗ ಬಂದವರು ಯಾರ ಕಡೆಯವರು, ಏನನ್ನು ಹುಡುಕುತ್ತಿದ್ದಾರೆ ಎಂಬುದು ಬೀದಿಯವರಿಗೆ ಗೊತ್ತಿರಲಿಲ್ಲ. ಅಗೆಯುವವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅಗೆದಾಗಲೆಲ್ಲ ಏನಾದರೊಂದು ತುಂಡಾಗುತ್ತಿತ್ತು. ಒಮ್ಮೆ ನಲ್ಲಿ ಪೈಪು, ಒಮ್ಮೆ ಕರೆಂಟು, ಹೆಚ್ಚಿನ ಸಲ ಇಂಟರ್ನೆಟ್ಟಿನ ತಂತಿ. ತುಂಡು ಮಾಡಿದವರು ಯಂತ್ರ ಹತ್ತಿ ಹೊರಟುಹೋಗುತ್ತಿದ್ದರು. ಬೈಗುಳ ತಿನ್ನಲು ಬೇರೆಯವರಿದ್ದರು.

ಆ ಬೀದಿಯ ನಡುವಿನ ಮನೆಯ ಮೊದಲ ಮಹಡಿಯಲ್ಲಿದ್ದವಳು ದೊಡ್ಡಮ್ಮ. ಸೊಸೆಗೆ ಅತ್ತೆ, ಉಳಿದ ಬೀದಿಗೆಲ್ಲ ದೊಡ್ಡಮ್ಮ. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ರಕ್ತದ ಹಾಸು, ಕೀವಿನ ಹೊದಿಕೆ, ಬಾಣಂತಿಯರ ಬಟ್ಟೆ, ಒಟ್ಟಿನಲ್ಲಿ ಊರವರ ನೋವನ್ನೆಲ್ಲ ಒಗೆದು ಒಣಗಿಸಿ ಮಡಚಿ ಕೊಟ್ಟ ಕೈ ಅದು. ಅಲ್ಲಿನ ಯಂತ್ರಗಳ ಗದ್ದಲ ಅಷ್ಟು ವರ್ಷ ಕಿವಿಯೊಳಗೆ ಕೂತು ಹೋಗಿದ್ದರಿಂದ, ನಿವೃತ್ತಿಯಾದ ಮೇಲೆ ಅವಳಿಗೆ ಸದ್ದಿಲ್ಲದ ಮನೆ ಎಂದರೆ ಆಗುತ್ತಿರಲಿಲ್ಲ. ಎದ್ದ ಕೂಡಲೇ ಟಿವಿ ಹಾಕುತ್ತಿದ್ದಳು. ಕೂತು ನೋಡುತ್ತಿದ್ದಳು ಎಂದಲ್ಲ. "ಮನೇಲಿ ಒಂದು ದನಿ ಇರ್ಲಿ" ಎನ್ನುತ್ತಿದ್ದಳು. ಟಿವಿಯಲ್ಲಿ ಯಾರೋ ಹಾಡುತ್ತಿದ್ದರು, ಯಾರೋ ಜಗಳವಾಡುತ್ತಿದ್ದರು, ಇವಳು ಒಗೆದ ಬಟ್ಟೆ ಮಡಚುತ್ತ ಅವರಿಗೆ ಆಗಾಗ ಬುದ್ಧಿ ಹೇಳುತ್ತಿದ್ದಳು.

ಮಗ ಲಾರಿಯ ಮೇಲೆ ವಾರವೆಲ್ಲ ಹೊರಗೆ. ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಸೊಸೆ ಇಬ್ಬರೇ.

ಸೊಸೆಯ ಕೆಲಸ ಕೈಗಳದು. ಕಿವಿ ಕೇಳಿಸದವರ ಸನ್ನೆ ಭಾಷೆಯನ್ನು ಬಾಯಿಮಾತಿಗೆ, ಬಾಯಿಮಾತನ್ನು ಸನ್ನೆಗೆ ತಿರುಗಿಸಿ ಹೇಳುವವಳು. ಒಳಕೋಣೆಯಲ್ಲಿ ಕಪ್ಪು ಬಟ್ಟೆಯ ಪರದೆ ಕಟ್ಟಿಕೊಂಡು, ಕಂಪ್ಯೂಟರಿನ ಮುಂದೆ ಕೂತು, ಆಸ್ಪತ್ರೆಗೋ ಕಚೇರಿಗೋ ಶಾಲೆಗೋ ವಿಡಿಯೋದಲ್ಲಿ ಸೇರಿಕೊಳ್ಳುತ್ತಿದ್ದಳು. ಅಲ್ಲಿ ಡಾಕ್ಟರು ಮಾತಾಡಿದರೆ ಇಲ್ಲಿ ಇವಳ ಬೆರಳು ಓಡುತ್ತಿತ್ತು. ಅಲ್ಲಿ ರೋಗಿ ಕೈಯಾಡಿಸಿದರೆ ಇಲ್ಲಿ ಇವಳು ದನಿಯಾಗುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಬಾಗಿಲು ಹಾಕಿರುತ್ತಿತ್ತು. ಒಳಗಿನ ಮಾತು ಹೊರಗೆ ಬರುವಂತಿಲ್ಲ ಎಂಬುದು ಆ ಕೆಲಸದ ಕಟ್ಟುನಿಟ್ಟು.

ಇದೆಲ್ಲ ನಡೆಯುತ್ತಿದ್ದದ್ದು ಗೋಡೆಯ ಮೇಲಿನ ಒಂದು ಬಿಳಿ ಡಬ್ಬಿಯಿಂದ. ಡಬ್ಬಿಯ ದೀಪ ಹಸಿರಾಗಿದ್ದರೆ ಟಿವಿಯೂ ಓಡುತ್ತಿತ್ತು, ಸೊಸೆಯ ಕೆಲಸವೂ ಓಡುತ್ತಿತ್ತು. ಕೆಂಪಾದರೆ ಎರಡೂ ನಿಲ್ಲುತ್ತಿದ್ದವು.

ಡಬ್ಬಿ ಕೆಟ್ಟಾಗ ಬರುತ್ತಿದ್ದವಳು ಎದುರುಮನೆಯ ಏಣಿಯಕ್ಕ. ಇಂಟರ್ನೆಟ್ ಕಂಪನಿಯ ಗುತ್ತಿಗೆಯ ಕೆಲಸಗಾರ್ತಿ. ಹೆಗಲ ಮೇಲೆ ಏಣಿ, ಸೊಂಟದಲ್ಲಿ ಇಕ್ಕಳ, ಬಾಯಲ್ಲಿ ಎರಡು ಸ್ಕ್ರೂ. ಬೀದಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು, ದೊಡ್ಡಮ್ಮ ಮಾತ್ರ ಸಲುಗೆಯಿಂದ ಬರೀ "ಏಣಿ" ಎನ್ನುತ್ತಿದ್ದಳು.

ಈ ಕಥೆ ನಡೆಯುವುದಕ್ಕೆ ಒಂದು ವಾರ ಮುಂಚೆ ಏಣಿಯಕ್ಕ ಸಡಿಲವಾದ ತಂತಿಯೊಂದನ್ನು ಬಿಗಿ ಮಾಡಲು ಬಂದಿದ್ದಳು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಸೊಸೆಯನ್ನು ಕೇಳಿದಳು:

"ಅಲ್ಲಾ ಕಣೇ, ನಿನ್ನದು ಇಂಥ ಕೆಲಸ. ಲೈನ್ ಹೋದ್ರೆ ಏನ್ ಮಾಡ್ತೀಯ?"

"ನಿಮಗೆ ಫೋನ್ ಮಾಡ್ತೀನಿ ಅಕ್ಕ."

"ನಾನು ಬರೋವರೆಗೆ? ಡಾಕ್ಟರ್ ಕಾಯ್ತಾರಾ? ಒಂದು ಮೊಬೈಲನ್ನ ತಯಾರು ಮಾಡಿ ಇಟ್ಕೊ. ಮೊಬೈಲಿನ ಇಂಟರ್ನೆಟ್ಟನ್ನೇ ಕಂಪ್ಯೂಟರಿಗೆ ಹಂಚಬಹುದು. ಹಾಟ್‌ಸ್ಪಾಟ್ ಅಂತಾರೆ. ಲೈನ್ ಚೆನ್ನಾಗಿರೋ ದಿನಾನೇ ಒಂದ್ಸಲ ಮಾಡಿ ನೋಡು. ಕಷ್ಟ ಬಂದ ಹೊತ್ತಲ್ಲಿ ಕೈ ನಡುಗತ್ತೆ."

ಬಟ್ಟೆ ಮಡಚುತ್ತಿದ್ದ ದೊಡ್ಡಮ್ಮ ತಲೆ ಎತ್ತಿದಳು. "ಏನೇ ಏಣಿ, ಚೆನ್ನಾಗಿರೋ ಲೈನ್ ಹೋಗ್ಲಿ ಅಂತ ಹಾರೈಸೋಕೆ ಬಂದೆಯಾ?"

"ನಾನು ಹಾರೈಸಿದ್ರೆ ಹೋಗಲ್ಲ ದೊಡ್ಡಮ್ಮ, ಹಳದಿ ಯಂತ್ರದೋನು ಹಾರೈಸಿದ್ರೆ ಹೋಗತ್ತೆ. ಬೀದಿ ತುದೀಲಿ ನಿಲ್ಸಿದ್ದಾನೆ, ನೋಡಿಲ್ವಾ?"

"ಆಯ್ತು, ಸೊಸೆ ಫೋನಲ್ಲಿ ಮಾಡ್ಕೊಳ್ಳಲಿ ಬಿಡು."

"ಅದೇ ತೊಂದರೆ. ಮನೆ ಲೈನೂ ಇವಳ ಫೋನೂ ಒಂದೇ ಕಂಪನಿದು. ಬೀದಿ ತಂತಿ ತುಂಡಾದ್ರೆ ಒಂದೊಂದ್ಸಲ ಟವರ್ರೂ ಕೈ ಕೊಡತ್ತೆ, ಎರಡಕ್ಕೂ ಒಂದೇ ತಂತಿ. ಬೇರೆ ಕಂಪನಿ ಸಿಮ್ಮು ಇರೋದು ಯಾರ ಹತ್ರ? ನಿಮ್ಮ ಹತ್ರ."

ದೊಡ್ಡಮ್ಮನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಫೋನು ಅಲ್ಲಿತ್ತು. ದೂರದಲ್ಲಿರುವ ಮಗಳು ದಿನಾ ಹನ್ನೊಂದೂವರೆಗೆ ಮಾತಾಡುವ ಫೋನು ಅದು. ಸುತ್ತ ದಪ್ಪ ರಬ್ಬರಿನ ಕವಚ, ಅದರ ಮೇಲೆ ಅವಳೇ ಹೊಲಿದ ಹತ್ತಿಯ ಗೌಸು.

"ನನ್ನ ಫೋನ್ ಸುದ್ದಿಗೆ ಬರಬೇಡ. ಅದರಲ್ಲಿರೋ ಡೇಟಾ ಖರ್ಚಾದ್ರೆ ಮಗಳ ಫೋನ್ ಬರಲ್ಲ."

"ಡೇಟಾ ಬೇರೆ, ಮಾತು ಬೇರೆ. ಡೇಟಾ ಮುಗಿದ್ರೂ ಫೋನ್ ರಿಂಗಾಗತ್ತೆ."

"ಬಿಸಿಯಾಗಿ ಸಿಡಿದ್ರೆ?"

"ಇಷ್ಟೊಂದು ಉಡುಪು ತೊಡಿಸಿದ್ರೆ ನಿಮಗೂ ಬಿಸಿಯಾಗತ್ತೆ. ಕವಚ ತೆಗೆದು ನೆರಳಲ್ಲಿ ಇಟ್ರೆ ಏನೂ ಆಗಲ್ಲ."

"ಪಕ್ಕದ ಮನೆಯವರು ಕದ್ದು ನೋಡಿದ್ರೆ?"

"ಪಾಸ್‌ವರ್ಡ್ ಹಾಕೋದು. ಬಾಗಿಲಿಗೆ ಚಿಲಕ ಹಾಕಲ್ವಾ, ಹಾಗೆ."

"ನಿನ್ನ ಹತ್ರ ಎಲ್ಲದಕ್ಕೂ ಉತ್ತರ ಇದೆ. ನನ್ನ ಹತ್ರ ಒಂದೇ ಉತ್ತರ. ಬೇಡ."

ಏಣಿಯಕ್ಕ ನಕ್ಕು ಏಣಿ ಹೊತ್ತುಕೊಂಡು ಹೋದಳು. ಅತ್ತೆಯನ್ನು ಎದುರು ಹಾಕಿಕೊಳ್ಳುವುದೇಕೆಂದು ಸೊಸೆ ಸುಮ್ಮನಾದಳು. ನಾಳೆ ಮಾಡಿ ನೋಡೋಣ ಎಂದುಕೊಂಡಳು. ಮನೆಯಲ್ಲಿ ಯಾರ ಕೈಗೂ ಸಿಕ್ಕದೆ ಓಡಾಡುವ ಆ ನಾಳೆ ಇವಳ ಕೈಗೂ ಸಿಗಲಿಲ್ಲ.

ವಾರ ಕಳೆಯಿತು. ಒಂದು ಬೆಳಗ್ಗೆ ಹತ್ತು ಗಂಟೆ ದಾಟಿತ್ತು. ಟಿವಿಯಲ್ಲಿ ಒಬ್ಬಾಕೆ ಗಂಡನ ಮನೆ ಬಿಟ್ಟು ಹೊರಡುತ್ತಿದ್ದಳು. "ಹೋಗೇ ತಾಯಿ, ಮೊದಲೇ ಹೋಗಬೇಕಿತ್ತು" ಎಂದು ದೊಡ್ಡಮ್ಮ ದಿಂಬಿನ ಚೀಲ ಕೊಡವುತ್ತಿದ್ದಳು. ಹೊರಗೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಟಿವಿಯ ಆಕೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟಲ್ಲೇ ಕಲ್ಲಾದಳು. ಪರದೆಯ ಮೇಲೆ ಒಂದು ಬಿಳಿ ಚಕ್ರ ಸುತ್ತತೊಡಗಿತು.

ಮನೆಯಲ್ಲಿ ಸದ್ದು ನಿಂತುಹೋಯಿತು. ದೊಡ್ಡಮ್ಮ ಚೀಲ ಕೆಳಗಿಟ್ಟು ಟಿವಿಯ ಬೆನ್ನು ತಟ್ಟಿದಳು.

ಒಳಗಿನಿಂದ ಸೊಸೆ ಓಡಿ ಬಂದಳು. ಡಬ್ಬಿ ನೋಡಿದಳು, ಕೆಂಪು. ಕೈಯಲ್ಲಿದ್ದ ತನ್ನ ಫೋನು ನೋಡಿದಳು, ಸಿಗ್ನಲ್ ಇಲ್ಲ. ಏಣಿಯಕ್ಕ ಹೇಳಿದ್ದೆಲ್ಲ ಒಂದೊಂದಾಗಿ ನಿಜವಾಗುತ್ತಿತ್ತು.

"ಅತ್ತೆ, ಹನ್ನೊಂದಕ್ಕೆ ನಾನು ಆಸ್ಪತ್ರೆಯ ವಿಡಿಯೋಗೆ ಸೇರಬೇಕು. ನಿಮ್ಮ ಫೋನ್ ಬೇಕು."

"ಯಾಕೆ, ಆಮೇಲೆ ಸೇರಿದ್ರಾಗಲ್ವಾ? ಲೈನ್ ಹೋಗಿದೆ ಅಂತ ಹೇಳು. ತಪ್ಪು ನಿನ್ನದಾ?"

ಸೊಸೆ ಒಂದು ಗಳಿಗೆ ತಡೆದಳು. ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂದು ಅಳೆಯುತ್ತಿದ್ದಳು.

"ಹೆಸರು ಊರು ಕೇಳಬೇಡಿ. ಕಿವಿ ಕೇಳಿಸದ ಒಬ್ಬ ಕೆಲಸಗಾರ. ಹನ್ನೆರಡಕ್ಕೆ ಆಪರೇಷನ್. ಹನ್ನೊಂದಕ್ಕೆ ಡಾಕ್ಟರು ಒಪ್ಪಿಗೆ ಕಾಗದ ಮುಂದಿಡ್ತಾರೆ. ನಾನು ಇದ್ರೆ ತಿಳ್ಕೊಂಡು ಸಹಿ ಹಾಕ್ತಾರೆ. ಇಲ್ದಿದ್ರೆ ತಿಳೀದೇ ಹಾಕ್ತಾರೆ. ಎಲ್ಲಿ ಹಾಕಬೇಕು ಅಂತ ಬೆರಳು ತೋರಿಸೋರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ."

ದೊಡ್ಡಮ್ಮನ ಬಲಗೈ ಎಡ ಮುಂಗೈಯನ್ನು ಸವರುತ್ತಿತ್ತು. ಅಲ್ಲಿ ಮೊಣಕೈವರೆಗೆ ನಯವಾದ, ಹೊಳೆಯುವ ಗಾಯದ ಕಲೆ. ಒಗೆಯುವ ವಿಭಾಗದಲ್ಲಿ ಇಸ್ತ್ರಿಯ ಉಗಿ ಉರುಳೆ ಕೈ ಎಳೆದುಕೊಂಡಿತ್ತು. ಅವಳಿನ್ನೂ ಮಂಚದ ಮೇಲೆ ನರಳುತ್ತಿದ್ದಾಗ ಯಾರೋ ಒಂದು ಕಾಗದ ತಂದು, ಇಲ್ಲಿ ಹಾಕಮ್ಮ, ಇದು ಸುಮ್ಮನೆ ನಿಯಮಕ್ಕೆ, ಎಂದಿದ್ದರು. ಹಾಕಿದ್ದಳು. "ಅಜಾಗರೂಕತೆ ನನ್ನದೇ" ಎಂದು ಅದರಲ್ಲಿ ಬರೆದಿತ್ತು ಎಂಬುದು ಗೊತ್ತಾದದ್ದು, ಪರಿಹಾರ ಕೇಳಲು ಹೋದಾಗ.

ಅವಳು ಚೀಲದಿಂದ ಫೋನು ತೆಗೆದು ಸೊಸೆಯ ಕೈಗಿಟ್ಟಳು.

"ಇದರಲ್ಲೇ ವಿಡಿಯೋ ಮಾಡಿಬಿಡ್ತೀಯಾ?"

"ಆಗಲ್ಲ ಅತ್ತೆ. ಬೆರಳಿನ ಮಾತು ಇಷ್ಟಗಲದ ಪರದೇಲಿ ಕಾಣಲ್ಲ, ಒಂದು ಬೆರಳು ಮಡಚಿದ್ರೆ ಅರ್ಥ ಬದಲಾಗತ್ತೆ. ನನಗೆ ಎರಡೂ ಕೈ ಖಾಲಿ ಬೇಕು. ಕಂಪ್ಯೂಟರೇ ಬೇಕು. ಇದರ ಇಂಟರ್ನೆಟ್ ಅದಕ್ಕೆ ಹಂಚಬೇಕು. ಹೇಗೆ ಅನ್ನೋದು..."

"ಗೊತ್ತಿಲ್ಲ ತಾನೆ? ಅವಳು ಮಾಡಿ ನೋಡು ಅಂದಾಗ ಇಬ್ಬರೂ ಕೇಳಲಿಲ್ಲ. ನಾನಂತೂ ಕೇಳಲೇ ಇಲ್ಲ" ಎಂದು ದೊಡ್ಡಮ್ಮ ಕಿಟಕಿಗೆ ಹೋದಳು.

ಕೆಳಗೆ ಬೀದಿಯ ನಡುವೆ ಎದೆಯಾಳದ ಗುಂಡಿ. ಹಳದಿ ಯಂತ್ರ ಆಗಲೇ ಜಾಗ ಖಾಲಿ ಮಾಡಿತ್ತು. ಗುಂಡಿಯೊಳಗೆ ಏಣಿಯಕ್ಕ ಮಂಡಿಯೂರಿ ಕೂತು, ಕೆಸರು ಮೆತ್ತಿದ ದಪ್ಪ ತಂತಿಯ ಸಿಪ್ಪೆ ಸುಲಿಯುತ್ತಿದ್ದಳು.

"ಏಣೀ! ಏ ಏಣೀ! ತಲೆ ಎತ್ತೇ!"

"ಬೈಯೋಕಾ ದೊಡ್ಡಮ್ಮಾ? ಸಾಲಲ್ಲಿ ನಿಂತ್ಕೊಳ್ಳಿ, ನಿಮಗಿಂತ ಮುಂಚೆ ಏಳು ಜನ ಇದ್ದಾರೆ!"

"ಬೈಯೋಕಲ್ಲ ಕಣೇ! ಎಷ್ಟೊತ್ತಿಗೆ ಸರಿಹೋಗತ್ತೆ?"

"ನಲವತ್ತೆಂಟು ಎಳೆ! ಕೂದಲಿಗಿಂತ ತೆಳ್ಳಗೆ! ಒಂದೊಂದೇ ಬೆಸೀಬೇಕು! ಸಂಜೆ!"

"ಹಾಗಾದ್ರೆ ನನ್ನ ಫೋನಲ್ಲಿ ಅದೇನೋ ಹಂಚೋದು ಹೇಗೆ ಹೇಳು!"

ಏಣಿಯಕ್ಕ ಎದ್ದು ನಿಂತು ಮೊಣಕೈಯಿಂದ ಹಣೆ ಒರೆಸಿಕೊಂಡಳು. ವಾರದ ಹಿಂದಿನ ಮಾತು ನೆನಪಾಗಿರಬೇಕು, ಆದರೆ ಚುಚ್ಚಲಿಲ್ಲ. ಅದು ಅವಳ ದೊಡ್ಡತನ.

"ಸೆಟ್ಟಿಂಗ್ಸಿಗೆ ಹೋಗಿ! ಹಾಟ್‌ಸ್ಪಾಟ್ ಅಂತ ಇರತ್ತೆ! ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡಿ! ಮೊಬೈಲ್ ಡೇಟಾ ಆನ್ ಇರ್ಲಿ! ಗೋಡೆ ಡಬ್ಬಿ ಆರಿಸಿಬಿಡಿ, ಇಲ್ದಿದ್ರೆ ಕಂಪ್ಯೂಟರ್ ಆ ಸತ್ತ ಡಬ್ಬೀನೇ ಹಿಡ್ಕೊಂಡು ಕೂರತ್ತೆ!"

ದೊಡ್ಡಮ್ಮ ಅದನ್ನು ಒಂದೊಂದೇ ತುಂಡಾಗಿ ಒಳಗೆ ದಾಟಿಸಿದಳು. ಸೊಸೆ ಒತ್ತುತ್ತ ಹೋದಳು. ಹೆಸರು ಕೊಡಿ ಎಂದು ಫೋನು ಕೇಳಿದಾಗ ಅವಳಿಗೊಂದು ಉಪಾಯ ಹೊಳೆಯಿತು. ಗೋಡೆಯ ಡಬ್ಬಿಗಿದ್ದ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ ಫೋನಿಗೂ ಕೊಟ್ಟುಬಿಟ್ಟರೆ ಕಂಪ್ಯೂಟರು ತಾನಾಗಿ ಅಂಟಿಕೊಳ್ಳುತ್ತದೆ, ಮತ್ತೆ ಹುಡುಕುವ ಕಷ್ಟ ಇಲ್ಲ. ಹಾಗೇ ಕೊಟ್ಟಳು. ಕಂಪ್ಯೂಟರು ಅಂಟಿಕೊಂಡಿತು.

"ಇನ್ನೊಂದು!" ಎಂದು ಗುಂಡಿ ಕೂಗಿತು. "ಕಬ್ಬಿಣದ ಬೀರು ಹತ್ರ ಇಡಬೇಡಿ, ಕಿಟಕೀಲಿ ಇಡಿ! ಆ ಗೌಸೂ ಕವಚಾನೂ ತೆಗೀರಿ! ಚಾರ್ಜಿಗೆ ಹಾಕಿ! ಮಗಳಿಗೆ ಹೇಳಿಬಿಡಿ, ಒಂದು ಗಂಟೆವರೆಗೆ ಫೋನ್ ಮಾಡಬೇಡ ಅಂತ! ಕೆಲವು ಫೋನು ಕರೆ ಬಂದ್ರೆ ಇಂಟರ್ನೆಟ್ ಬಿಟ್ಟುಬಿಡ್ತವೆ!"

ದೊಡ್ಡಮ್ಮ ಮಗಳಿಗೆ ಕರೆ ಮಾಡಿ, "ಇವತ್ತು ಹನ್ನೊಂದೂವರೆಗೆ ನಾನು ಡ್ಯೂಟೀಲಿ ಇರ್ತೀನಿ, ಮಾಡಬೇಡ" ಎಂದಳು. ಯಾವ ಡ್ಯೂಟಿ ಎಂದು ಮಗಳು ಕೇಳುವಷ್ಟರಲ್ಲಿ ಇಟ್ಟಳು.

ಹನ್ನೊಂದಕ್ಕೆ ಒಂದು ನಿಮಿಷವಿತ್ತು. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿದಳು. ಅಷ್ಟರಲ್ಲಿ ನಡುಮನೆಯಲ್ಲಿ ಇನ್ನೊಂದು ಚಮತ್ಕಾರವಾಯಿತು. ಹೊಸ್ತಿಲ ಮೇಲೆ ಕಲ್ಲಾಗಿದ್ದ ಆಕೆ ಇನ್ನೊಂದು ಕಾಲನ್ನೂ ಆಚೆಗಿಟ್ಟು ಜೋರಾಗಿ ಅಳುತ್ತ ಹೊರಟಳು. ಮನೆಗೆ ದನಿ ಬಂತು. ದೊಡ್ಡಮ್ಮನಿಗೆ ಹೋದ ಜೀವ ಬಂದಂತಾಯಿತು. "ಬದುಕಿದೆ" ಎಂದು ನಿಟ್ಟುಸಿರು ಬಿಟ್ಟು, ಮತ್ತೆ ದಿಂಬಿನ ಚೀಲ ಕೈಗೆತ್ತಿಕೊಂಡಳು.

ಎರಡು ಚೀಲ ಮಡಚಿರಬೇಕು. ಒಳಬಾಗಿಲು ಧಡಾರನೆ ತೆರೆಯಿತು.

"ಅತ್ತೆ, ನಿಂತು ನಿಂತು ಬರ್ತಿದೆ! ಕೈ ಅರ್ಧದಲ್ಲೇ ನಿಲ್ಲತ್ತೆ. ಡಾಕ್ಟರು ಇನ್ನೈದು ನಿಮಿಷ ನೋಡ್ತಾರಂತೆ, ಆಮೇಲೆ ಬರೆದು ತೋರಿಸಿ ಸಹಿ ತಗೋತಾರಂತೆ. ಆ ಕೆಲಸಗಾರನಿಗೆ ಅಷ್ಟು ಓದೋಕೆ ಬರಲ್ಲ!"

ಸೊಸೆಯ ಮುಖ ನೋಡಿ ದೊಡ್ಡಮ್ಮನಿಗೆ ಮೊದಲು ಬಂದದ್ದು ಸಿಟ್ಟು. ನಾನು ಬೇಡ ಅಂದಿದ್ದೆ, ಈ ಫೋನಿನ ಆಟ ನಂಬೋ ಹಾಗಿಲ್ಲ ಅಂದಿದ್ದೆ, ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಟಿವಿಯ ಆಕೆ ಎತ್ತರದ ದನಿಯಲ್ಲಿ ಅತ್ತಳು. ದೊಡ್ಡಮ್ಮನ ಬಾಯಿ ಹಾಗೇ ನಿಂತಿತು.

ಡಬ್ಬಿ ಆರಿಸಿಯಾಗಿದೆ. ಬೀದಿಯ ತಂತಿ ಗುಂಡಿಯಲ್ಲಿ ತುಂಡಾಗಿ ಬಿದ್ದಿದೆ. ಹಾಗಿದ್ದ ಮೇಲೆ ಇವಳು ಯಾರ ಗಂಟಲಲ್ಲಿ ಅಳುತ್ತಿದ್ದಾಳೆ?

ಅವಳಿಗೆ ಒಗೆಯುವ ವಿಭಾಗದ ಬಾಯ್ಲರು ಕಣ್ಣಿಗೆ ಕಟ್ಟಿತು. ಒಂದೇ ಬಾಯ್ಲರು, ಆರು ಇಸ್ತ್ರಿ ಉರುಳೆ. ಆರೂ ಒಟ್ಟಿಗೆ ಉಗಿ ಎಳೆದರೆ ಒಂದಕ್ಕೂ ಸಾಲದು, ಎಲ್ಲ ಹಾಸುಗಳೂ ಒದ್ದೆ ಒದ್ದೆಯಾಗೇ ಹೊರಬರುತ್ತಿದ್ದವು. ಸುಟ್ಟಗಾಯದ ವಾರ್ಡಿನಿಂದ ತುರ್ತು ಎಂದು ಕೂಗು ಬಂದರೆ ಅವಳು ಯಾರನ್ನೂ ಕೇಳದೆ ಉಳಿದ ಐದರ ತಿರುಪು ಮುಚ್ಚುತ್ತಿದ್ದಳು.

"ನನ್ನ ಟಿವಿ ಉಗಿ ಕುಡೀತಾ ಇದೆ!" ಎಂದಳು.

"ಏನು ಅತ್ತೆ?"

ಉತ್ತರ ಹೇಳುತ್ತ ನಿಲ್ಲುವ ಹೊತ್ತಲ್ಲ ಅದು. ದೊಡ್ಡಮ್ಮ ಹೋಗಿ ಟಿವಿಯ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಳು. ಆಕೆ ಅಳು ನುಂಗಿಕೊಂಡು ಕತ್ತಲಾದಳು. "ಇನ್ನೂ ಯಾರಾದ್ರೂ ಹತ್ತಿದ್ದಾರಾ ನೋಡು!" ಎಂದು ಕಿಟಕಿಯ ಫೋನಿನ ಕಡೆ ಕೈ ಮಾಡಿದಳು. ಸೊಸೆ ಬಗ್ಗಿ ನೋಡಿದಳು. ಎಷ್ಟು ಯಂತ್ರಗಳು ಸೇರಿಕೊಂಡಿವೆ ಎಂದು ಫೋನಿನ ಪರದೆಯಲ್ಲೇ ಬರೆದಿತ್ತು. ಎರಡು. ಒಂದು ಕಂಪ್ಯೂಟರು. ಇನ್ನೊಂದು ಸೊಸೆಯದೇ ಫೋನು. ಪರಿಚಯದ ಹೆಸರು ಕಂಡದ್ದೇ ಅದೂ ಬಂದು ಅಂಟಿಕೊಂಡು, ಹಳೆಯ ಫೋಟೋಗಳನ್ನೆಲ್ಲ ಸದ್ದಿಲ್ಲದೆ ಮೇಲಕ್ಕೆ ಸಾಗಿಸುತ್ತಿತ್ತು.

"ಹೆಸರು ಒಂದೇ ಕೊಟ್ಟೆ ನಾನು" ಎಂದು ಸೊಸೆ ಹಣೆ ಚಚ್ಚಿಕೊಂಡಳು. "ಬಾಗಿಲು ತೆಗೆದಿಟ್ಟು ಇಡೀ ಮನೇನೇ ಕರೆದ ಹಾಗಾಯ್ತು."

"ಆಮೇಲೆ ಚಚ್ಕೊ. ಈಗ ಹೋಗು."

ಸೊಸೆ ತನ್ನ ಫೋನನ್ನು ಪೂರ್ತಿ ಆರಿಸಿ ಅತ್ತೆಯ ಕೈಗೆ ಎಸೆದು ಒಳಗೋಡಿದಳು. ಬಾಗಿಲು ಮುಚ್ಚಿತು. ಮತ್ತೆ ತೆರೆಯಲಿಲ್ಲ.

ದೊಡ್ಡಮ್ಮ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡಳು. ಬಿಸಿಲು ಸರಿದು ಫೋನಿನ ಅಂಚಿಗೆ ಬಂದಿತ್ತು. ದಿಂಬಿನ ಚೀಲವೊಂದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ನೆರಳು ಮಾಡಿದಳು. ಬಿಸಿಲು ಸರಿದ ಹಾಗೆ ಚೀಲವನ್ನೂ ಸರಿಸಿದಳು. ಮೂವತ್ತೊಂದು ವರ್ಷಗಳ ನಂತರ, ಬಹುಶಃ ಮೊದಲ ಸಲ, ಹಗಲು ಹೊತ್ತಿನಲ್ಲಿ ಸದ್ದಿಲ್ಲದ ಕೋಣೆಯಲ್ಲಿ ಕೂತಿದ್ದಳು. ಕೂತರೆ ಏನೇನೋ ಕೇಳಿಸತೊಡಗಿತು. ಗುಂಡಿಯಲ್ಲಿ ಇಕ್ಕಳದ ಕಟಕಟ. ಬಾಗಿಲಾಚೆ ಮಾತು ತಿಳಿಯುತ್ತಿರಲಿಲ್ಲ, ತಿಳಿಯಬಾರದು ಕೂಡ, ಆದರೆ ಸೊಸೆಯ ತೋಳಿನ ಬಟ್ಟೆ ಸರಸರ ಎನ್ನುವುದು, ಅಂಗೈ ಅಂಗೈಗೆ ತಾಗಿ ಆಗುವ ಸಣ್ಣ ಚಪ್ ಸದ್ದು ಕೇಳುತ್ತಿತ್ತು. ಹೀಗೂ ಸದ್ದು ಮಾಡುತ್ತಾ ಇದು, ಎಂದು ಅವಳಿಗೆ ಬೆರಗಾಯಿತು. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದು ಸೊಸೆಯ ಕೆಲಸದ ಸದ್ದನ್ನು ತಾನು ಒಮ್ಮೆಯೂ ಕೇಳಿರಲಿಲ್ಲ.

ಹೀಗೆ ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ಆಪರೇಷನ್ನಿನ ಹೊತ್ತು ಮೀರಿದರೂ ಒಳಗೆ ಸರಸರ ನಿಲ್ಲಲಿಲ್ಲ.

ಕೊನೆಗೆ ಸೊಸೆ ಹೊರಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಮುಖವೆಲ್ಲ ಬೆವರು, ಕೈ ಸೋತು ಮಡಿಲಲ್ಲಿ ಬಿದ್ದಿತ್ತು.

"ಆಯ್ತು ಅತ್ತೆ. ಆಮೇಲೆ ಒಂದು ಸಲಾನೂ ನಿಲ್ಲಲಿಲ್ಲ."

ದೊಡ್ಡಮ್ಮ ಆ ಎರಡು ಕೈಗಳನ್ನು ಎತ್ತಿ ತನ್ನ ಕೈಯಲ್ಲಿಟ್ಟುಕೊಂಡು ಬೆರಳು ಬೆರಳು ನೀವಿದಳು. ಆಮೇಲೆ ಮಗಳಿಗೆ ಫೋನು ಮಾಡಿ, ಡ್ಯೂಟಿ ಮುಗೀತು ಎಂದಳು.

ಮಧ್ಯಾಹ್ನ ಅವಳು ಬಿಸಿ ಟೀ ಹಿಡಿದು ಗುಂಡಿಯ ಬಳಿ ಹೋದಳು. ಏಣಿಯಕ್ಕನ ಬೆರಳುಗಳೆಲ್ಲ ಗಾಜಿನೆಳೆ ಚುಚ್ಚಿ ಕೆಂಪಾಗಿದ್ದವು.

"ಕೈಗವಸು ಕೊಡಲ್ವೇನೇ ನಿಮಗೆ?"

"ಕೇಳಿದ್ರೆ ಮುಂದಿನ ತಿಂಗಳು ಅಂತಾರೆ ದೊಡ್ಡಮ್ಮ. ಮುಂದಿನ ತಿಂಗಳು ಅನ್ನೋದು ನಮ್ಮ ಕಂಪನೀಲಿ ಬರೋದೇ ಇಲ್ಲ."

"ಕಡಿದೋನು ಎಲ್ಲಿ?"

"ಬೇರೆ ಬೀದಿ ಕಡಿಯೋಕೆ ಹೋದ. ತಂತಿ ಎಲ್ಲಿದೆ ಅಂತ ನಕ್ಷೆ ಇದೆ. ಅಗೆಯೋ ಮುಂಚೆ ಒಂದು ಮಾತು ಕೇಳಿದ್ರೆ ಸಾಕು. ಕೇಳಲ್ಲ. ಬೈಗುಳ ಮಾತ್ರ ಗುಂಡಿಗೆ ಬಂದು ಬೀಳತ್ತೆ, ಯಾಕಂದ್ರೆ ಗುಂಡೀಲಿ ಇರೋಳು ನಾನು."

ದೊಡ್ಡಮ್ಮ ಖಾಲಿ ಲೋಟ ಇಸಿದುಕೊಂಡಳು. "ನಿನ್ನ ಮಾತು ನಾನು ಕೇಳಬೇಕಿತ್ತು ಕಣೇ" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದನ್ನು ಆ ಬೀದಿ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮರುದಿನ ಅವಳೇ ಮನೆ ಮನೆ ಹತ್ತಿ ಇಳಿದಳು. ಅಗೆಯುವ ಮೊದಲು ತಂತಿಯ ನಕ್ಷೆ ನೋಡಲಿ, ಬೀದಿಗೆ ಎರಡು ದಿನ ಮುಂಚೆ ತಿಳಿಸಲಿ, ಗುಂಡಿಗಿಳಿಯುವವರಿಗೆ ಕೈಗವಸು ಕೊಡಲಿ ಎಂಬ ಮೂರು ಮಾತಿನ ಮನವಿ. ಸಹಿ ಹಾಕುವ ಮುನ್ನ ಪ್ರತಿಯೊಬ್ಬರಿಗೂ ತಾನೇ ಪೂರ್ತಿ ಓದಿ ಹೇಳಿದಳು. "ಓದದೆ ಹಾಕಬೇಡಿ, ನನ್ನದಾದ್ರೂ ಸರಿ" ಎಂದಳು. ಅರವತ್ತೆರಡು ಸಹಿ ಬಿದ್ದವು. ಎಲ್ಲ ಸರಿಹೋಯಿತು ಎಂದೇನಲ್ಲ. ಕೈಗವಸು ಬಂತು. ಈಗ ಯಂತ್ರ ತರುವವರು ಏಣಿಯಕ್ಕನನ್ನು ಕರೆದು ಕೇಳಿ ಅಗೆಯುತ್ತಾರೆ. ಉಳಿದದ್ದಕ್ಕೆ ಜಗಳ ನಡೆದಿದೆ.

ಆರು ವಾರದ ಮೇಲೆ ಮನೆಗೆ ಒಬ್ಬ ಅತಿಥಿ ಬಂದ. ಬಲಗೈಗೆ ದೊಡ್ಡ ಕಟ್ಟು, ತೋರುಬೆರಳ ತುದಿಯಿಂದ ಒಂದು ಉಕ್ಕಿನ ಕಡ್ಡಿ ಇಣುಕುತ್ತಿತ್ತು. ಎಡಗೈಯಲ್ಲಿ ಒಂದು ಚೀಲ ಕಿತ್ತಳೆ. ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸಗಾರ. ಅಂದು ಪರದೆಯಾಚೆ ಇದ್ದವನು. ಸೊಸೆಗೆ ಕೆಲಸ ಕೊಡುವ ದುಭಾಷಿಗಳ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದು ಹುಡುಕಿಕೊಂಡು ಬಂದಿದ್ದ. ಸೊಸೆ ಹೇಳಬಾರದ್ದನ್ನು ಅವನೇ ಹೇಳಿದ. ಎಡಗೈಯಲ್ಲಿ ಹೇಳಿದ, ಸೊಸೆ ದನಿಯಾದಳು.

"ಡಾಕ್ಟರು ತೋರುಬೆರಳು ತೆಗೆದುಬಿಡೋಣ ಅಂತಿದ್ರು. ಬೇಗ ವಾಸಿಯಾಗತ್ತೆ ಅಂತ. ನಾನು ಕೇಳ್ದೆ, ನಿಮ್ಮ ನಾಲಿಗೆ ತುದಿ ಕತ್ತರಿಸಿದ್ರೆ ಬೇಗ ವಾಸಿಯಾಗತ್ತೆ ಅಂದ್ರೆ ಒಪ್ತೀರಾ? ಅವರು ಪೆನ್ನು ಕೆಳಗಿಟ್ರು. ಇದು ನನಗೆ ಹೊಳೆದಿರಲಿಲ್ಲ ಅಂದ್ರು. ಕೂತು ಇನ್ನೊಂದು ದಾರಿ ಹೇಳಿದ್ರು. ಕಡ್ಡಿ ಹಾಕಬಹುದು, ಎರಡು ಆಪರೇಷನ್, ಬೆರಳು ಬಿಗಿಯಾಗೇ ಉಳಿದ್ರೂ ಉಳೀಬಹುದು. ನಾನು ಅದನ್ನೇ ಆರಿಸ್ಕೊಂಡೆ."

ಅವನು ಕಟ್ಟಿನೊಳಗಿನ ಬೆರಳನ್ನು ಬುಡದಲ್ಲಿ ತುಸುವೇ, ಒಂದು ಅಕ್ಕಿಕಾಳಿನಷ್ಟು ಬಗ್ಗಿಸಿ ತೋರಿಸಿದ. ನಕ್ಕ. ಆಮೇಲೆ ನಗು ಹೋಯಿತು.

"ಒಪ್ಪಿಗೆ ಕಾಗದದ ಕೆಳಗೆ ಇನ್ನೊಂದು ಹಾಳೆ ಇತ್ತು. ಕಾರ್ಖಾನೆಯ ಮೇಸ್ತ್ರಿ ಸೇರಿಸಿದ್ದ. ಇದೇನು ಅಂತ ಕೇಳ್ದೆ. ಡಾಕ್ಟರು ನೋಡಿ, ಇದು ನಮ್ಮದಲ್ಲ ಅಂತ ಓದಿದ್ರು. ತಪ್ಪು ನನ್ನದೇ, ಯಂತ್ರ ಸರಿಯಾಗಿತ್ತು ಅಂತ ಬರೆದಿತ್ತು. ಆ ಯಂತ್ರದ ರಕ್ಷಣೆಯ ತಗಡು ಬಿಚ್ಚಿ ಒಂದು ತಿಂಗಳಾಗಿತ್ತು. ನಾನು ಸಹಿ ಹಾಕಲಿಲ್ಲ."

ದೊಡ್ಡಮ್ಮ ತನ್ನ ಎಡಗೈಯ ತೋಳು ಮೇಲಕ್ಕೆ ಸರಿಸಿ ಹೊಳೆಯುವ ಕಲೆಯನ್ನು ತೋರಿಸಿದಳು. "ಅವನಿಗೆ ಹೇಳು" ಎಂದಳು ಸೊಸೆಗೆ. "ನನಗೆ ಕಿವಿ ಕೇಳ್ತಿತ್ತು. ಆದ್ರೂ ಯಾರೂ ಓದಿ ಹೇಳಲಿಲ್ಲ. ನಾನು ಹಾಕಿಬಿಟ್ಟೆ ಅಂತ ಹೇಳು. ಅವನು ಹಾಕಲಿಲ್ಲವಲ್ಲ, ನನ್ನದೂ ಸ್ವಲ್ಪ ವಾಪಸ್ ಬಂದ ಹಾಗಾಯ್ತು ಅಂತ ಹೇಳು."

ಸೊಸೆಯ ಕೈ ಆ ಮಾತನ್ನು ನಿಧಾನವಾಗಿ ಹೇಳಿತು. ಅವನು ಆ ಕಲೆಯನ್ನು, ಆಮೇಲೆ ಕಿಟಕಿಯಲ್ಲಿದ್ದ ಫೋನನ್ನು, ಕಿತ್ತು ಬಿದ್ದಿದ್ದ ಟಿವಿಯ ಪ್ಲಗ್ಗನ್ನು ನೋಡಿದ. ಸೊಸೆ ಕೆಲಸದಲ್ಲಿರುವ ಹೊತ್ತಿನಲ್ಲೆಲ್ಲ ಆ ಪ್ಲಗ್ಗು ಹಾಗೇ ಬಿದ್ದಿರುತ್ತಿತ್ತು. ಅವನು ಎಡಗೈಯನ್ನು ಗದ್ದಕ್ಕೆ ಮುಟ್ಟಿಸಿ ಅವಳ ಕಡೆಗೆ ಚಾಚಿದ.

"ಏನಂತೆ?" ಎಂದಳು ದೊಡ್ಡಮ್ಮ.

"ಉಪಕಾರವಾಯ್ತು ಅಂತ, ಅತ್ತೆ."

ದೊಡ್ಡಮ್ಮ ತಾನೂ ಕಲೆಯಿದ್ದ ಎಡಗೈಯನ್ನೇ ಗದ್ದಕ್ಕೆ ಮುಟ್ಟಿಸಿ ಚಾಚಿದಳು. ಮೊದಲು ಅವನ ಕಡೆಗೆ. ಆಮೇಲೆ ಸೊಸೆಯ ಕಡೆಗೆ. ಆಮೇಲೆ ಎದ್ದು ಕಿಟಕಿಗೆ ಹೋಗಿ, ಎದುರಿನ ಕಂಬದ ಮೇಲೆ ಬಾಯಲ್ಲಿ ಎರಡು ಸ್ಕ್ರೂ ಕಚ್ಚಿ ನಿಂತಿದ್ದವಳ ಕಡೆಗೆ.

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಮನೆಯ ಮಾತು.

ನಿಮ್ಮ ಮನೆಯಲ್ಲೂ ಯಾರದೋ ದುಡಿಮೆ, ಯಾರದೋ ಓದು, ಯಾರದೋ ಚಿಕಿತ್ಸೆ ಗೋಡೆಯ ಡಬ್ಬಿಯ ಹಸಿರು ದೀಪಕ್ಕೆ ನೇತುಬಿದ್ದಿದೆ. ಆ ದೀಪ ಕೆಂಪಾಗುವ ದಿನ ಹೇಳಿ ಬರುವುದಿಲ್ಲ. ಮನೆಯಲ್ಲಿರುವ ಮೊಬೈಲುಗಳಲ್ಲಿ ಯಾವುದು ಬೇರೆ ಕಂಪನಿಯದು ಎಂದು ಇವತ್ತೇ ನೋಡಿ. ಅದರಲ್ಲಿ ಹಾಟ್‌ಸ್ಪಾಟ್ ತೆರೆದು, ಗಟ್ಟಿ ಪಾಸ್‌ವರ್ಡ್ ಇಡಿ. ಗೋಡೆಯ ಡಬ್ಬಿಯ ಹೆಸರನ್ನು ಮಾತ್ರ ಅದಕ್ಕೆ ಕೊಡಬೇಡಿ, ಬೇರೆಯೇ ಹೆಸರು ಕೊಡಿ, ಆಗ ನೀವು ಕರೆದ ಯಂತ್ರ ಮಾತ್ರ ಬರುತ್ತದೆ. ಫೋನನ್ನು ಕಿಟಕಿಯ ಬಳಿ, ನೆರಳಿನಲ್ಲಿ, ಚಾರ್ಜಿಗೆ ಹಾಕಿ ಇಡಿ. ಯಾರು ಯಾರು ಸೇರಿಕೊಂಡಿದ್ದಾರೆ ಎಂದು ಆಗಾಗ ಕಣ್ಣಾಡಿಸಿ. ಎಷ್ಟು ಡೇಟಾ ಉಳಿದಿದೆ ಎಂದು ತಿಳಿದಿರಲಿ. ಲೈನು ಬಂದ ಮೇಲೆ ಆರಿಸಲು ಮರೆಯಬೇಡಿ. ಮುಖ್ಯವಾಗಿ, ಲೈನು ಚೆನ್ನಾಗಿರುವಾಗಲೇ ಗೋಡೆಯ ಡಬ್ಬಿ ಆರಿಸಿ, ಹತ್ತು ನಿಮಿಷ ಎಲ್ಲ ಮಾಡಿ ನೋಡಿ. ಮನೆಯ ಹಿರಿಯರ ಕೈಯಲ್ಲೂ ಮಾಡಿಸಿ. ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಬಾಯ್ಲರು ನಡೆಸಿದವರು ಅವರು.

ನಿಮ್ಮ ಫೋನು ನಿಮ್ಮನ್ನು ಆ ಹೊತ್ತಿಗೆ ಕಾಪಾಡುತ್ತದೆ, ಆದರೆ ಬೀದಿ ಕಡಿದವರ ತಪ್ಪನ್ನು ಅದು ಮನ್ನಿಸುವುದಿಲ್ಲ. ಅದನ್ನು ಕೇಳುವ ಬಾಯಿ ನಿಮಗಿದೆ. ಕೇಳುವಾಗ ಗುಂಡಿಯಲ್ಲಿ ಕೂತವರನ್ನು ಬೈಯಬೇಡಿ. ಅವರಿಗೆ ಒಂದು ಲೋಟ ಟೀ ಕೊಟ್ಟು, ಕಳಿಸಿದವರ ಬಾಗಿಲು ತಟ್ಟಿ.

ಈಗ ಎದ್ದು ಫೋನು ಕೈಗೆ ತೆಗೆದುಕೊಳ್ಳಿ. ಅದಕ್ಕೂ ಮೊದಲು, ದಯವಿಟ್ಟು, ಆ ಟಿವಿ ಆರಿಸಿ.